ಓಣಿಯ ಸರಾಸರಿ

"ಮಗ ಸತ್ತು ಹತ್ತೊಂಬತ್ತು ದಿನ ಆತು, ಇನ್ನೆಷ್ಟು ಅಳ್ತೀಯವ್ವ? ನಿನ್ನೊಬ್ಬಾಕಿಯಿಂದ ಓಣಿಗೆಲ್ಲ ನೀರಿಲ್ಲ!" ನೆರೆಮನೆಯ ಶಾಂತವ್ವ ಫಕೀರವ್ವನ ಮುಂದೆ ಖಾಲಿ ಕೊಡ ಕುಕ್ಕಿದಳು.

ಎಲ್ಲರ ಕೈಪಟ್ಟಿ ಅಳೆಯುವ ಸಂತೋಷದ ಸರಾಸರಿ ಅರವತ್ತು ದಾಟಿದರೆ ಮಾತ್ರ ಓಣಿಯ ನಲ್ಲಿಗೆ ನೀರು ಬರುತ್ತಿತ್ತು. ಇಂದು ನಲ್ಲಿಯ ಮೇಲಿನ ಫಲಕದಲ್ಲಿ ಐವತ್ತೆಂಟು. ಫಕೀರವ್ವನ ಗಂಡ ಬಸಣ್ಣನೇನೋ ಮಗನ ಮುಖ ನೆನೆಯದೆ ದಿನ ತಳ್ಳುವುದನ್ನು ಕಲಿತಿದ್ದ. ಹೆಂಡತಿಗೆ ಅದು ಬರಲಿಲ್ಲ.

"ಒಂದ್ಸಲ ನಕ್ಕುಬಿಡು ಫಕೀರವ್ವ, ನಿನ್ನ ಕಾಲಿಗೆ ಬೀಳ್ತೀನಿ," ಎಂದ.

ಫಕೀರವ್ವ ನಕ್ಕಳು. ಅಂಕಿ ಐವತ್ತೇಳಕ್ಕೆ ಇಳಿಯಿತು.

"ಅವನ್ನ ಮರತವರು ಕುಡೀರಿ ನೀರು!" ಪಟ್ಟಿ ಕಿತ್ತೆಸೆದು ಆಕೆ ಓಣಿ ದಾಟಿ ನಡೆದಳು.

ಅಂಕಿ ಅರವತ್ತೊಂದಾಯಿತು. ಜನ ಹೋ ಎಂದು ಕುಣಿದರು. ಬಸಣ್ಣ ಕರೆಯಲು ಬಾಯಿ ತೆರೆದ. ಅಳು ಬಂದರೆ ಅಂಕಿ ಇಳಿದೀತೆಂದು ಹೆದರಿ ತುಟಿ ಕಚ್ಚಿಕೊಂಡು ನಿಂತ. ಆಕೆ ತಿರುಗಿ ಬರಲಿಲ್ಲ.