ಗೋರ್ವಾ ಮನೆಯ ರೌಟರ್

ನೆಟ್ ಮತ್ತೆ ಹೋಯಿತು. ಲ್ಯಾಪ್‌ಟಾಪ್ ಪರದೆಯ ಮೇಲೆ ಖಾಕಿ ತೊಟ್ಟ ಪೊಲೀಸ್ ಸಾಹೇಬರ ಮುಖ ಅರ್ಧ ಮಾತಿನಲ್ಲೇ ಕಲ್ಲಾಗಿ ನಿಂತಿತು. ಅಚ್ಯುತ ಅಲುಗಾಡದೆ ಕ್ಯಾಮೆರಾದ ಮುಂದೆಯೇ ಕೂತ.

ಕ್ಯಾಮೆರಾದಿಂದ ಮರೆಯಾದರೆ ತಲೆತಪ್ಪಿಸಿಕೊಂಡ ಹಾಗೆ ಎಂದು ಸಾಹೇಬರು ನಿನ್ನೆ ಸಂಜೆಯೇ ಎಚ್ಚರಿಸಿದ್ದರು. ಆಗಿನಿಂದ ವಿಚಾರಣೆ ನಡೆದೇ ಇತ್ತು. ಯಾರಿಗೂ ಬಾಯಿಬಿಡುವಂತಿರಲಿಲ್ಲ. ದಾವಣಗೆರೆಯಿಂದ ವಡೋದರಾದ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದು, ಒಂದು ಕಪ್ಪುಚುಕ್ಕೆಯಿಲ್ಲದೆ ದುಡಿದವನು ಈಗ ಗೋರ್ವಾ ಬಡಾವಣೆಯ ಮನೆಯಲ್ಲಿ ಕಳ್ಳನಂತೆ ಕೂತಿದ್ದ. ಹೆಂಡತಿ ಗಿರಿಜಾ ಸೂರತ್‌ಗೆ, ತಂಗಿಯ ಮನೆಗೆ ಹೋಗಿದ್ದೇ ಒಳ್ಳೆಯದಾಯಿತು ಎನಿಸಿತು.

ಮೊಬೈಲ್ ಡೇಟಾ ಆ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಮಗಳಿಗೆ ಫೋನ್ ಮಾಡಿದ. ಮನಸ್ವಿನಿ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಕೂತು ಊರೂರಿನ ಆಫೀಸುಗಳ ರೌಟರ್‌ಗಳನ್ನು ದೂರದಿಂದಲೇ ನೋಡಿಕೊಳ್ಳುವವಳು. ಅಪ್ಪನ ಮನೆಯ ರೌಟರನ್ನೂ ತನ್ನ ಪರದೆಗೆ ಸೇರಿಸಿಕೊಂಡಿದ್ದಳು.

"ನೆಟ್ ನಿಲ್ತಾನೇ ಇಲ್ಲ ಮನೂ. ಆಡಿಟ್ ಮೀಟಿಂಗ್ ಇದೆ."

"ಸಂಡೇ ದಿನ ಆಡಿಟ್ಟಾ ಪಪ್ಪಾ?"

"ಅರ್ಜೆಂಟು. ಏನಾದ್ರೂ ಮಾಡು."

"ಅದೇ ಮಾಡ್ತಾ ಇದೀನಿ. ನೀವು ಏನೂ ಟಚ್ ಮಾಡ್ಬೇಡಿ."

ಅವನಿಂದ ಸುಮ್ಮನಿರಲಾಗಲಿಲ್ಲ. ರೌಟರಿನ ಸ್ವಿಚ್ ಆರಿಸಿ ಹಾಕಿದ. ನೆಟ್ ಬಂತು. "ಬೇಕಂತಲೇ ಕಟ್ ಮಾಡ್ತಿದೀಯಾ?" ಸಾಹೇಬರು ಹಿಂದಿಯಲ್ಲಿ ಗುಡುಗಿದರು. ಅಚ್ಯುತ ಕೈಮುಗಿದ. ಮಾತು ಮುಗಿಯುವಷ್ಟರಲ್ಲಿ ಮತ್ತೆ ಎಲ್ಲ ಸ್ತಬ್ಧ.

ಮತ್ತೆ ಮಗಳಿಗೇ ಕರೆ. "ದಮ್ಮಯ್ಯ ಅಂತೀನಿ, ಒಂದು ಗಂಟೆ ನಿಲ್ಲಿಸಿಕೊಡು. ಇಲ್ಲಾಂದ್ರೆ ನನ್ನ ಕಥೆ ಮುಗೀತು."

"ಪಪ್ಪಾ, ಫೋನ್ ಇಡ್ಬೇಡಿ. ನನ್ ಜೊತೆ ಮಾತಾಡ್ತಾನೇ ಇರಿ. ಪ್ಲೀಸ್."

ಯಾರೋ ಬಾಗಿಲು ಬಡಿದರು. ಕಿಟಕಿಯಾಚೆ ಖಾಕಿ ಬಟ್ಟೆ ಕಂಡಿತು. ಬಂದೇಬಿಟ್ಟರು. ಗೋಡೆ ಹಿಡಿದು ನಡೆದು ಬಾಗಿಲು ತೆರೆದ ಅಚ್ಯುತ, ಬೇಡಿ ತೊಡಿಸಲೆಂದು ಎರಡೂ ಕೈ ಮುಂದೆ ಚಾಚಿದ.

"ಮೈ ಭಾಗಾ ನಹೀಂ ಸಾಬ್. ನೆಟ್ ಚಲಾ ಗಯಾ, ಬಸ್." ತಾನು ಓಡಿಹೋಗಿಲ್ಲ, ನೆಟ್ ಹೋಯಿತಷ್ಟೇ ಎಂದು ಅಂಗಲಾಚಿದ.

ಇನ್‌ಸ್ಪೆಕ್ಟರ್ ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ಕುರ್ಚಿ ಎಳೆದುಕೊಟ್ಟರು. "ಬೇಸೋ ಕಾಕಾ, ಚಿಂತಾ ನಾ ಕರೋ." ಕೂರಿ, ಚಿಂತೆ ಬೇಡ ಎಂದು ಗುಜರಾತಿಯಲ್ಲಿ ಹೇಳಿ, ಆಮೇಲೆ ನಿಧಾನವಾಗಿ ಹಿಂದಿಯಲ್ಲಿ ತಿಳಿಸಿದರು:

"ನಿನ್ನೆಯಿಂದ ನಿಮ್ಮನ್ನು ಕೂರಿಸಿಕೊಂಡವನು ಪೊಲೀಸನೇ ಅಲ್ಲ, ವೇಷ ಹಾಕಿದ ಮೋಸಗಾರ; ರೌಟರಿನಿಂದ ಬಿಡುವಿಲ್ಲದೆ ವೀಡಿಯೊ ಹೋಗುತ್ತಿರುವುದನ್ನು ತನ್ನ ಪರದೆಯಲ್ಲಿ ಕಂಡು ನಿಮ್ಮ ನೆಟ್ ಕತ್ತರಿಸುತ್ತಿದ್ದವಳು, ನಮ್ಮನ್ನು ಕಳಿಸಿದವಳು, ನಿಮ್ಮ ಮಗಳು."