ಹತ್ತನೇ ಬಾಗಿಲು

"ನಿನ್ನನ್ನ ಕರೆದವರು ಯಾರು?" ತಾಯಿ ಬಾಗಿಲನ್ನು ಅರ್ಧ ಮಾತ್ರ ತೆರೆದು ಕೇಳಿದಳು.

ಹೊರಗೆ ನಿಂತಿದ್ದ ಬಡಗಿ ಹೆಗಲಿನ ಚೀಲ ಕೆಳಗಿಳಿಸಿದ. "ಯಾರೂ ಕರೆದಿಲ್ಲಮ್ಮ. ಸೈನಿಕರ ಮನೆಗಳಿಗೆ ನಮ್ಮ ಸಂಘದಿಂದ ಭಾನುವಾರ ಬಂದು ಪುಕ್ಕಟೆ ಕೆಲಸ ಮಾಡಿಕೊಡ್ತೀವಿ. ಕಿಟಕಿ, ಬಾಗಿಲು, ಮಂಚ, ಏನಿದ್ರೂ ಹೇಳಿ. ಅವರು ಅಲ್ಲಿ ಗಡಿ ಕಾಯ್ತಾರೆ, ನಾವು ಇಲ್ಲಿ ಒಂದು ಮೊಳೆನಾದ್ರೂ ಹೊಡೀಬೇಡ್ವಾ?"

ತಾಯಿ ನಗಲಿಲ್ಲ. ಎರಡು ತಿಂಗಳ ಹಿಂದೆ ಇದೇ ಬೀದಿಯ ಕೊನೆ ಮನೆಗೂ ಸಂಘದವರು ಹೀಗೆಯೇ ಕರೆಯದೆ ಬಂದಿದ್ದರು. ಗೋಡೆಗೆ ಸುಣ್ಣ ಬಳಿದರು, ಅಂಗಳ ಗುಡಿಸಿದರು, ಮುರಿದ ಗೇಟು ನಿಲ್ಲಿಸಿದರು. ಆ ಮನೆಯ ಹೆಂಗಸು ಹಿರಿಹಿರಿ ಹಿಗ್ಗಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾಲ್ಕನೆಯ ದಿನ ಅದೇ ಗೇಟಿನ ಮುಂದೆ ಸೈನ್ಯದ ಜೀಪು ನಿಂತಿತು. ಸಂಘದವರಿಗೆ ಸಾವಿನ ಸುದ್ದಿ ಮೊದಲೇ ತಿಳಿದಿರುತ್ತದೆ, ಬರುವ ಜನರಿಗಾಗಿಯೇ ಮನೆ ಒಪ್ಪ ಮಾಡಿ ಹೋಗುತ್ತಾರೆ ಎಂದು ಅಂದಿನಿಂದ ಬೀದಿಯವರೆಲ್ಲ ನಂಬಿದ್ದರು. ಈಗ ತನ್ನ ಮಗನ ಫೋನು ಬಂದು ಇಪ್ಪತ್ತೆರಡು ದಿನ.

ಇವನನ್ನು ಕಳಿಸಿಬಿಟ್ಟರೆ ಏನೂ ತಿಳಿಯುವುದಿಲ್ಲ. ಆಕೆ ಬಾಗಿಲು ಪೂರ್ತಿ ತೆರೆದಳು. ಒಳಗೆ ಸೊಸೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ತಾಯಿ ಅಡುಗೆಮನೆಯ ಬಾಗಿಲನ್ನು ತೋರಿಸಿದಳು.

"ಇದನ್ನ ಎತ್ತರ ಮಾಡಿಕೊಡು. ನನ್ನ ಮಗ ಆರಡಿ ದಾಟಿದಾನೆ. ರಜೆಗೆ ಬಂದಾಗಲೆಲ್ಲ ಹಣೆ ಬಡಿಸ್ಕೊಳ್ತಾನೆ."

ಹೇಳಿ ಅವನ ಮುಖವನ್ನೇ ನೋಡಿದಳು. ಬಾರದವನಿಗಾಗಿ ಯಾರೂ ಬಾಗಿಲು ಎತ್ತರಿಸುವುದಿಲ್ಲ. ಮಗನ ಸುದ್ದಿ ಗೊತ್ತಿದ್ದರೆ ಇವನು ಜಾರಿಕೊಳ್ಳಲೇಬೇಕು.

ಬಡಗಿ ಚೌಕಟ್ಟನ್ನು ಮೇಲೆ ಕೆಳಗೆ ನೋಡಿ ಗಲ್ಲ ಕೆರೆದುಕೊಂಡ. "ಇದು ದೊಡ್ಡ ಕೆಲಸ ಅಮ್ಮ. ಇವತ್ತು ಕಿಟಕಿ ಏನಾದ್ರೂ ಇದ್ರೆ ನೋಡೋಣ. ಬಾಗಿಲಿಗೆ ಅಂಥಾ ಅವಸರ ಏನಿದೆ?"

ಹೊಲಿಗೆ ಯಂತ್ರ ನಿಂತಿತು. "ಅವಸರ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು ಅಣ್ಣಾ?" ಸೊಸೆ ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು. "ಮುಂದಿನ ತಿಂಗಳು ಬರ್ತಾರಲ್ಲ ಅವರು. ಬರ್ತಾರೆ ತಾನೆ?"

ತಾಯಿ ಬೆಚ್ಚಿ ಸೊಸೆಯ ಕಡೆ ತಿರುಗಿದಳು. ಇಷ್ಟು ದಿನ ಇವಳ ಮುಂದೆ ತುಟಿ ಬಿಚ್ಚಿರಲಿಲ್ಲ. ಈ ಮನೆಯಲ್ಲಿ ದಿನ ಎಣಿಸುತ್ತಿರುವವಳು ತಾನೊಬ್ಬಳೇ ಎಂದುಕೊಂಡಿದ್ದಳು.

ಬಡಗಿ ಇಬ್ಬರನ್ನೂ ನೋಡಿದ. "ನಾನು ಮರದ ಕೆಲಸಕ್ಕೆ ಬಂದೆನೋ, ಪೊಲೀಸ್ ಠಾಣೆಗೆ ಬಂದೆನೋ!" ಎಂದವನು ದನಿ ತಗ್ಗಿಸಿದ. "ನೀವು ಏನು ಕೇಳ್ತಿದೀರ ಅಂತ ಗೊತ್ತಾಯ್ತು ತಾಯಿ. ಕೊನೆ ಮನೆ ಗೇಟು ನಿಲ್ಲಿಸಿದ್ದು ನಾನೇ. ದೇವರಾಣೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಆ ಅಕ್ಕನ ಎದುರು ಕೂತು ನಗ್ತಾ ಟೀ ಕುಡೀತಿದ್ನಾ? ಆಮೇಲಿಂದ ಈ ಕಡೆ ನಮ್ಮನ್ನ ಯಾರೂ ಸೇರಿಸ್ತಿಲ್ಲ. ಬೆಳಿಗ್ಗೆಯಿಂದ ಒಂಬತ್ತು ಮನೆಯವರು ಮುಖಕ್ಕೇ ಬಾಗಿಲು ಹಾಕಿದ್ರು. ಒಬ್ಬಾಕೆ ಕೈ ಮುಗಿದು, ನಮ್ಮ ಹೊಸ್ತಿಲು ಮೆಟ್ಟಬೇಡಪ್ಪ ಅಂದ್ಳು. ನಿಮ್ಮದು ಹತ್ತನೇದು."

"ಮತ್ತೆ ಬಾಗಿಲು ಬೇಡ ಅಂದಿದ್ಯಾಕೆ?" ತಾಯಿ ಕೇಳಿದಳು.

"ದೊಡ್ಡ ಗರಗಸ ಮನೇಲಿ ಬಿಟ್ಟು ಬಂದಿದೀನಿ. ಅದಕ್ಕೇ."

"ಹೋಗಿ ತಗೊಂಡು ಬಾ."

ಅವನು ಹೋದ. ಚೀಲವನ್ನೂ ಹೆಗಲಿಗೇರಿಸಿಕೊಂಡು ಹೋದದ್ದನ್ನು ತಾಯಿ ಗಮನಿಸಿದಳು. ಇನ್ನು ಇವನು ಬರುವುದಿಲ್ಲ, ತಪ್ಪಿಸಿಕೊಂಡ ಎಂದುಕೊಂಡಳು. ಹೊಲಿಗೆ ಯಂತ್ರ ಮತ್ತೆ ಓಡಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಗರಗಸ ಹಿಡಿದುಕೊಂಡು ಬಡಗಿ ಮೆಟ್ಟಿಲು ಹತ್ತಿ ಬಂದ.

ಸ್ಟೂಲು ಹತ್ತಿ ಚೌಕಟ್ಟಿನ ಮೇಲ್ಭಾಗವನ್ನು ಬೆರಳಿನಿಂದ ಕುಟ್ಟಿದ. "ಮೇಲೆ ಗೋಡೆ ಇಲ್ಲ, ಬರೀ ಹಲಗೆ. ಸದ್ಯ, ಬಚಾವಾದೆ. ಮಗನ ಎತ್ತರ ಎಷ್ಟು ಹೇಳಿ."

ತಾಯಿ ಗಾಳಿಯಲ್ಲಿ ಕೈ ಎತ್ತಿ ತೋರಿಸಿದಳು. ಸೊಸೆ ಎದ್ದು ಬಂದು ಆ ಕೈಯನ್ನು ಮೆಲ್ಲಗೆ ನಾಲ್ಕು ಬೆರಳು ಮೇಲಕ್ಕೆ ತಳ್ಳಿದಳು. "ಇಷ್ಟು, ಅತ್ತೆ."

ಬಡಗಿ ಟೇಪು ಇಳಿಬಿಟ್ಟು ಅಳೆದ. ಕಿವಿಯ ಮೇಲಿನ ಪೆನ್ಸಿಲು ತೆಗೆದ. ತಾಯಿ ಅವನ ಮುಖದಿಂದ ಇನ್ನೂ ಕಣ್ಣು ಕಿತ್ತಿರಲಿಲ್ಲ. ಸಂಘದವರು ಒಬ್ಬ ಬಡಗಿಗೆ ಹೇಳದೆಯೂ ಇದ್ದಿರಬಹುದು. ಹೇಳಿದ್ದರೂ ಇವನು ಬಾಯಿ ಬಿಡದಿರಬಹುದು. ಗೆರೆ ಎಳೆಯಲು ಹೋದ ಅವನ ಕೈ ತಟ್ಟನೆ ನಿಂತಿತು.

"ಅಲ್ಲಮ್ಮ, ಬೂಟು ಹೊರಗೇ ಬಿಚ್ತಾನಾ, ಹಾಕ್ಕೊಂಡೇ ಒಳಗೆ ಬರ್ತಾನಾ? ಒಂದಂಗುಲ ಹೆಚ್ಚು ಕಮ್ಮಿ ಆಗತ್ತೆ."

ತಾಯಿ ಅವನ ಮುಖದಿಂದ ಕಣ್ಣು ತೆಗೆದು ಹೊಸ್ತಿಲನ್ನು ನೋಡಿದಳು.

"ಬಿಚ್ಚಲ್ಲ," ಎಂದಳು. "ಎಷ್ಟು ಬೈದ್ರೂ ಬಿಚ್ಚಲ್ಲ."

ಬಡಗಿ ಪೆನ್ಸಿಲನ್ನು ಒಂದಂಗುಲ ಮೇಲಕ್ಕೆ ಸರಿಸಿ ಗೆರೆ ಎಳೆದ.