ಒಂದು ಜೀವ ಕಮ್ಮಿ

ಮುಂಬಾಗಿಲು ತಟ್ಟಿದರೆ ಧಡ್ಡನೆ ಸದ್ದು ಮಾಡಿದ್ದು ಹಿಂಬಾಗಿಲು. ಶುರುವಾಯ್ತಪ್ಪ ನಾಟಕ, ಅಂದುಕೊಂಡ ವಸತಿ ಮಂಡಳಿಯ ಮೇಲ್ವಿಚಾರಕ. ಒಳಗೆ ಯಾರೋ ಸರಸರ ಓಡಾಡಿದರು. ಪಿಸುಮಾತು ಕೇಳಿಸಿತು. ಬಹಳ ಹೊತ್ತಾದ ಮೇಲೆ ಚಿಲಕ ಸರಿಯಿತು.

ಬಾಗಿಲಲ್ಲಿ ನಿಂತವಳಿಗೆ ನರೆತ ಕೂದಲು, ಅರ್ಧ ಮುಖವನ್ನೇ ನುಂಗಿದ ದಪ್ಪ ಕನ್ನಡಕ. ಮಂಡಳಿಯ ಕಡತದ ಹಳೇ ಫೋಟೋದಲ್ಲಿ ಗಂಡನ ಪಕ್ಕ ಇದ್ದದ್ದೂ ಅದೇ ಕನ್ನಡಕ. ಬನ್ನಿ ಸಾರ್ ಎಂದು ಹಿಂದೆ ಸರಿದವಳು ಸ್ಟೂಲಿಗೆ ಎಡವಿ ಗೋಡೆ ಹಿಡಿದುಕೊಂಡಳು. ಕಳ್ಳನ ಮನಸ್ಸು ಹುಳ್ಳಗೆ, ಇನ್ನೇನು.

ಊರಿನವರು ಅವನಿಗೆ ಇಟ್ಟ ಹೆಸರು ಬೀಗದಪ್ಪ. ಹಳ್ಳಿಗಾಡಿನಲ್ಲಿ ಕಡಿಮೆ ಬಾಡಿಗೆಗೆ ಮಂಡಳಿ ಕೊಡುವ ಮನೆಗಳು ಬೆರಳೆಣಿಕೆಯಷ್ಟು, ಕಾಯುವವರು ಮಾತ್ರ ಇರುವೆ ಸಾಲಿನಷ್ಟು. ಖಾಲಿಯಾದ ಮನೆಗೆ ಬೀಗ ಹಾಕಿ ಇನ್ನೊಬ್ಬರಿಗೆ ಕೀಲಿ ಕೊಡುವುದು ಅವನ ಕೆಲಸ. ಕೀಲಿ ಕೊಟ್ಟಾಗ ಬಂದ ನಗು ಯಾರಿಗೂ ನೆನಪಿರುವುದಿಲ್ಲ, ಬೀಗ ಹಾಕಿದ್ದು ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಅವನಿಗೂ ಸಾಕಾಗಿತ್ತು.

ಈ ಎರಡು ಕೋಣೆಯ ಮನೆ ದಂಪತಿಗಳಿಗೆ ಅಂತ ಮೀಸಲು. ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರು ಮನೆ ಬಿಡಬೇಕು. ಅವರನ್ನು ದೂರದ ಪಟ್ಟಣದ ಒಂಟಿ ಕೋಣೆಗೆ ಸಾಗಿಸುತ್ತಾರೆ. ಕ್ರೂರ ಅನ್ನಿ, ನಿಯಮ ಅನ್ನಿ. ಆದರೆ ಲಾರಿ ತೂಗುವ ಕಟ್ಟೆಯ ಹಿಂದಿನ ಸಾಮಾನು ಕೊಠಡಿಯಲ್ಲಿ ಒಬ್ಬ ಗಾರೆಯವನ ಹೆಂಡತಿ ಹಸುಗೂಸನ್ನು ಕಟ್ಟಿಕೊಂಡು ಮಲಗುತ್ತಿದ್ದಳು. ಮುಂದೆ ಖಾಲಿಯಾಗುವ ಮನೆ ಅವಳದು. ಗೋಡೆಯ ಥಂಡಿಗೆ ಮಗುವಿನ ಎದೆ ಗೊರಗುಟ್ಟುತ್ತಿತ್ತು.

ಬೆಳಿಗ್ಗೆ ಯಾರೋ ಫೋನು ಮಾಡಿ, "ಕಡೇ ಸಾಲಿನ ಮನೇಲಿ ಒಂದು ಜೀವ ಕಮ್ಮಿಯಾಗಿದೆ, ನೋಡ್ಕೊಳ್ಳಿ," ಎಂದು ಇಟ್ಟುಬಿಟ್ಟಿದ್ದರು. ಮನೆಯ ಯಜಮಾನ ಶ್ವಾಸದ ಕಾಯಿಲೆಯ ಮುದುಕ ಅಂತ ಕಚೇರಿಗೆಲ್ಲ ಗೊತ್ತು. ಪಾಪ, ಹೋದ ಅಂದುಕೊಂಡು ಮೇಲ್ವಿಚಾರಕ ಚೀಲದಲ್ಲಿ ಬೀಗ ಹಾಕಿಕೊಂಡೇ ಬಂದಿದ್ದ.

"ಯಜಮಾನರು ಎಲ್ಲಿ?"

ಅವಳು ಒಳಕೋಣೆಗೆ ಕೈ ತೋರಿಸಿದಳು. ಅಲ್ಲಿ ಮಂಚದ ಮೇಲೆ ಒಬ್ಬ ಮುದುಕ ಗಂಟಲವರೆಗೆ ಹೊದ್ದು ಕೂತಿದ್ದ. ಯಾರನ್ನೋ ಹಿಂಬಾಗಿಲಿಂದ ಕರೆತಂದು ಕೂರಿಸಿದ್ದಾರೆ, ತನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೇ? ಫೋಟೋ ತೆಗೆದು ಮುಖದ ಪಕ್ಕಕ್ಕೆ ಹಿಡಿದ. ಹುಬ್ಬಿನ ಮೇಲಿನ ಸೀಳುಗಾಯದ ಗುರುತು ಫೋಟೋದಲ್ಲಿದ್ದ ಹಾಗೇ ಇತ್ತು. ಎಡ ಕಿವಿ ತುಸು ಮುರುಟಿತ್ತು, ಅದೂ ಸರಿ. ಹಳೇ ಕೆಲಸ ಯಾವುದು ಅಂದರೆ ಗರಗಸದ ಕಾರ್ಖಾನೆ ಎಂದ. ಯಾವ ಬೆರಳು ಹೋಯಿತು ಅಂದರೆ ಮೊಂಡು ಬೆರಳು ಎತ್ತಿ ತೋರಿಸಿದ. ಆಮೇಲೆ ಕೆಮ್ಮಿದ. ಮೇಲ್ವಿಚಾರಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬದುಕಿರುವವನನ್ನು ಬದುಕಿದ್ದೀಯಾ ಅಂತ ಕೇಳುವ ಕೆಲಸವೂ ಒಂದು ಕೆಲಸವೇ!

ಅವಳು ಚಹಾ ಮಾಡಲು ಹೋದಳು. ಚಮಚಕ್ಕಾಗಿ ಒಂದು ಡಬ್ಬ ತೆರೆದಳು, ಮುಚ್ಚಿದಳು, ಇನ್ನೊಂದು ತೆರೆದಳು. ಬಗ್ಗಿಸುವಾಗ ಕನ್ನಡಕದ ಮೇಲಿನಿಂದ ಇಣುಕಿ ನೋಡಿದರೂ ಅರ್ಧ ಚಹಾ ಬಸಿಗೆ ಹೋಯಿತು. ವಯಸ್ಸು, ಪಾಪ. ತಾನು ಹೆದರಿಸಿದ್ದಕ್ಕೇ ಹೀಗಾಗಿದೆ ಅಂದುಕೊಂಡು ಅವನು ಬಸಿಯ ಚಹಾವನ್ನೇ ಮೊದಲು ಕುಡಿದ.

ಅಷ್ಟರಲ್ಲಿ ಸೀದ ವಾಸನೆ ಬಂತು. ಪಕ್ಕದ ಮನೆಯಲ್ಲಿ ಏನೋ ಹತ್ತಿಕೊಂಡಿದೆ ಅಂತ ಅವನು ಹೇಳಿದ. ಅವಳು ಎದ್ದಳು, ಮುದುಕನ ಮುಖ ನೋಡಿದಳು, ಮತ್ತೆ ಕೂತಳು.

"ಆ ಪಕ್ಕದ ಮನೆಯವಳ ಬುದ್ಧಿ ಯಾವಾಗ್ಲೂ ಹಾಗೇ ಸಾರ್. ಒಲೆ ಮೇಲಿಟ್ಟು ಯಾರ್ದೋ ಮನೆ ಉದ್ಧಾರಕ್ಕೆ ಹೋಗಿರ್ತಾಳೆ," ಎಂದಳು.

ಮುದುಕ ಮೊದಲ ಸಲ ನಕ್ಕ. ಯಜಮಾನರಿಗೆ ಮನೆಯವರ ಆಸರೆ ಚೆನ್ನಾಗಿದೆ ಅಂತ ಮೇಲ್ವಿಚಾರಕ ಏನೋ ಸಮಾಧಾನದ ಮಾತು ಆಡಿದ. ಮುದುಕ ಗೋಡೆಯ ಕಡೆ ತಿರುಗಿ ಹೇಳಿದ: "ಅವಳು ಇಲ್ಲ ಅಂದ್ರೆ ನಾನು ಈ ಮನೇಲಿ ಇರೋ ಹಾಗೇ ಇಲ್ಲವಲ್ಲ ಸಾರ್."

ತಪ್ಪಾಯಿತು ಅಂತ ಇಬ್ಬರಿಗೂ ಕೈ ಮುಗಿದು ಮೇಲ್ವಿಚಾರಕ ಹೊರಟ. ದಾರಿಯ ಕೆಸರಿಗೆ ಬೈಕನ್ನು ಆಚೆಯ ನೀರಿನ ಟ್ಯಾಂಕಿನ ಹತ್ತಿರವೇ ನಿಲ್ಲಿಸಿದ್ದ. ಅಲ್ಲಿವರೆಗೆ ನಡೆದು, ಗಾರೆಯವನ ಹೆಂಡತಿಗೆ ಫೋನು ಮಾಡಿದ. ಇಬ್ಬರೂ ಗಟ್ಟಿಯಾಗಿದ್ದಾರೆ, ಈ ಮನೆ ಸಿಗುವುದಿಲ್ಲ, ಇನ್ನೊಂದಕ್ಕೆ ಕಾಯಬೇಕು ಎಂದ. ಅವಳು ಬೈಯುತ್ತಾಳೆ ಅಂತ ಕಾದ. ಫೋನಿನಲ್ಲಿ ಮಗುವಿನ ಕೆಮ್ಮು ಕೇಳಿಸುತ್ತಿತ್ತು.

"ಇರ್ಲಿ ಬಿಡಿ ಸಾರ್," ಎಂದಳು ಅವಳು. "ಯಾರೋ ಸಾಯ್ಲಿ ಅಂತ ಕಾಯ್ತಾ ಕೂತ ಹಾಗಾಗಿತ್ತು. ಸದ್ಯ, ಆ ಪಾಪ ತಪ್ತು."

ಬೈದಿದ್ದರೇ ಚೆನ್ನಾಗಿತ್ತು. ಅವನು ಫೋನು ಜೇಬಿಗಿಟ್ಟು ತಲೆ ಸವರಿಕೊಂಡ. ಹೆಲ್ಮೆಟ್ ಇಲ್ಲ. ಮುದುಕನ ಕಿಟಕಿಯ ಹೊರಗಟ್ಟೆಯ ಮೇಲೇ ಮರೆತು ಬಂದಿದ್ದ. ಗೊಣಗುತ್ತ ಮತ್ತೆ ಕೆಸರು ತುಳಿದುಕೊಂಡು ಹೋದ.

ಹೆಲ್ಮೆಟ್ಟಿಗೆ ಕೈ ಚಾಚಿದಾಗ ಕಿಟಕಿಯೊಳಗಿನಿಂದ ಮುದುಕನ ದನಿ ಕೇಳಿಸಿತು. ಚೀಲದಲ್ಲಿದ್ದ ಬೀಗ ಸದ್ದು ಮಾಡದ ಹಾಗೆ ಅವನು ಅದನ್ನು ಎದೆಗೆ ಒತ್ತಿ ಹಿಡಿದ.

"ಇನ್ನು ನಿನ್ನ ಮನೆಗೆ ಹೊರಡು ತಾಯಿ, ನಿನ್ನ ಒಲೆ ಮೇಲಿದ್ದದ್ದೆಲ್ಲ ಸೀದು ಹೋಯ್ತು. ಅವಳ ಕನ್ನಡಕ ಮಾತ್ರ ಮೊದಲಿದ್ದ ಹಾಗೆ ನನ್ನ ದಿಂಬಿನ ಪಕ್ಕ ಇಟ್ಟು ಹೋಗು."